ಯಂತ್ರದೊಳಗೊಂದು ಯಂತ್ರ: ಕರ್ನಲ್ ಸಮೇತ ಇಡೀ ಕಂಪ್ಯೂಟರನ್ನು ಸಿಮ್ಯುಲೇಟ್ ಮಾಡಿ ಬಹುಕೋರ್ ವರ್ತನೆಯನ್ನು ಅಳೆಯುವ ಬಗೆ

ಚಿಕ್ಕದೊಂದು ಪ್ರೋಗ್ರಾಮನ್ನು ಊಹಿಸಿಕೊಳ್ಳಿ. ಅದರಲ್ಲಿ ನಾಲ್ಕು ಥ್ರೆಡ್‌ಗಳಿವೆ, ಅಂದರೆ ಒಟ್ಟಿಗೆ ಓಡಬಲ್ಲ ನಾಲ್ಕು ಕೆಲಸದ ಎಳೆಗಳು. ಪ್ರತಿಯೊಂದು ಥ್ರೆಡ್ಡೂ ಎಮ್‌ಮ್ಯಾಪ್ ಕರೆಯ ಮೂಲಕ 4 ಎಂಬಿ ಮೆಮೊರಿಯನ್ನು ಕೇಳಿ ಪಡೆಯುತ್ತದೆ, ಅದರ ಪ್ರತಿ ಪುಟದಲ್ಲೂ (ಮೆಮೊರಿಯನ್ನು ಹಂಚುವ ಅಳತೆಯ ತುಂಡು) ಒಂದೊಂದು ಬೈಟ್ ಬರೆಯುತ್ತದೆ, ಬಳಿಕ ಎಮ್‌ಅನ್‌ಮ್ಯಾಪ್ ಮೂಲಕ ಹಿಂದಿರುಗಿಸಿ ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಥ್ರೆಡ್‌ಗಳ ನಡುವೆ ಹಂಚಿಕೊಂಡ ಡೇಟಾ ಇಲ್ಲ, ಪ್ರೋಗ್ರಾಮಿನಲ್ಲಿ ಎಲ್ಲಿಯೂ ಲಾಕ್ ಇಲ್ಲ. ಆದರೂ ನಾಲ್ಕು ಕೋರ್‌ಗಳ ಮೇಲೆ ಓಡಿಸಿದಾಗ ಕೆಲಸ ನಾಲ್ಕು ಪಟ್ಟು ವೇಗವಾಗುವುದಿಲ್ಲ. ಕಾರಣ ಇರುವುದು ಪ್ರೋಗ್ರಾಮಿನಲ್ಲಲ್ಲ, ಲಿನಕ್ಸ್ ಕರ್ನಲ್ಲಿನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳಿನಲ್ಲಿ. ಒಂದು ಪ್ರಕ್ರಿಯೆಯ ಎಲ್ಲ ಥ್ರೆಡ್‌ಗಳೂ ಒಂದೇ ವಿಳಾಸ ವಲಯವನ್ನು ಹಂಚಿಕೊಂಡಿರುತ್ತವೆ, ಆ ವಲಯಕ್ಕೆ ಎಮ್‌ಮ್ಯಾಪ್ ಲಾಕ್ ಎಂಬ ಒಂದೇ ಬೀಗವಿರುತ್ತದೆ, ಎಮ್‌ಮ್ಯಾಪ್ ಮತ್ತು ಎಮ್‌ಅನ್‌ಮ್ಯಾಪ್ ಎರಡೂ ಅದನ್ನು ಬರೆಯುವ ಹಕ್ಕಿನೊಂದಿಗೆ, ಅಂದರೆ ಬೇರೆ ಯಾರೂ ಒಳಬರದಂತೆ, ಹಿಡಿಯುತ್ತವೆ.

ಈ ಪ್ರೋಗ್ರಾಮನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಇಡೀ ಕಂಪ್ಯೂಟರನ್ನು, ಅಂದರೆ ಪ್ರೊಸೆಸರ್, ಕ್ಯಾಶ್ (ಪ್ರೊಸೆಸರಿನ ಪಕ್ಕದ ಪುಟ್ಟ, ವೇಗದ ಮೆಮೊರಿ), ಮೆಮೊರಿ, ಇಂಟರಪ್ಟ್ ನಿಯಂತ್ರಕ, ಡಿಸ್ಕ್ ಮತ್ತು ಅವುಗಳ ಮೇಲೆ ಓಡುವ ಮಾರ್ಪಡಿಸದ ಆಪರೇಟಿಂಗ್ ಸಿಸ್ಟಮ್, ಇವೆಲ್ಲವನ್ನೂ ಸಾಫ್ಟ್‌ವೇರಿನಲ್ಲಿ ಕಟ್ಟಿ ಪರೀಕ್ಷಿಸುವ ಕ್ರಮವನ್ನು ವಿವರಿಸುತ್ತೇನೆ. ಸಿಮ್ಯುಲೇಟರ್ ಓಡುವ ನಿಮ್ಮ ಲ್ಯಾಪ್‌ಟಾಪನ್ನು ಹೊರಯಂತ್ರ ಎಂದೂ, ಅದರೊಳಗೆ ಸೃಷ್ಟಿಯಾಗುವ ಕಂಪ್ಯೂಟರನ್ನು ಒಳಯಂತ್ರ ಎಂದೂ ಕರೆಯುತ್ತೇನೆ.

ಪ್ರಶ್ನೆ ಮೊದಲು, ಸಾಧನ ಆಮೇಲೆ

ಅನೇಕ ಸಿಮ್ಯುಲೇಟರ್‌ಗಳಲ್ಲಿ ಬಳಕೆದಾರನ ಪ್ರೋಗ್ರಾಮನ್ನು ಮಾತ್ರ ಓಡಿಸುವ ಸರಳ ವಿಧಾನವೊಂದಿದೆ. ಪ್ರೋಗ್ರಾಮು ಸಿಸ್ಟಮ್ ಕರೆ ಮಾಡಿದಾಗ ಸಿಮ್ಯುಲೇಟರ್ ತಾನೇ ಅದಕ್ಕೆ ಉತ್ತರ ಕೊಟ್ಟು ಮುಂದೆ ಹೋಗುತ್ತದೆ, ಕರ್ನಲ್ಲಿನ ಒಂದು ಸಾಲೂ ಓಡುವುದಿಲ್ಲ. ಗಣಿತದ ಲೆಕ್ಕಗಳಲ್ಲೇ ಸಮಯ ಕಳೆಯುವ ಪ್ರೋಗ್ರಾಮುಗಳಿಗೆ ಇದು ಸಾಕು. ಆದರೆ ಮೇಲಿನ ಉದಾಹರಣೆಯನ್ನು ಆ ವಿಧಾನದಲ್ಲಿ ಓಡಿಸಿದರೆ ಕರ್ನಲ್ಲಿನ ಬೀಗದ ಸುಳಿವೇ ಇಲ್ಲದೆ ನಾಲ್ಕು ಥ್ರೆಡ್‌ಗಳೂ ಸಲೀಸಾಗಿ ಸಾಗಿದಂತೆ ಕಾಣುತ್ತದೆ. ಪೇಜ್ ಫಾಲ್ಟ್ (ಪುಟವನ್ನು ಮೊದಲು ಮುಟ್ಟಿದಾಗ ಕರ್ನಲ್ ಬಂದು ಅದಕ್ಕೆ ಮೆಮೊರಿ ಒದಗಿಸುವುದು), ಯಾವ ಥ್ರೆಡ್ ಯಾವಾಗ ಓಡಬೇಕು ಎಂಬ ಷೆಡ್ಯೂಲರಿನ ತೀರ್ಮಾನಗಳು, ಟೈಮರ್ ಇಂಟರಪ್ಟ್, ಒಂದು ಕೋರ್ ಇನ್ನೊಂದಕ್ಕೆ ಕಳಿಸುವ ಇಂಟರಪ್ಟ್, ಇವುಗಳಲ್ಲಿ ಯಾವುದೊಂದು ನಿಮ್ಮ ಪ್ರಶ್ನೆಯಲ್ಲಿದ್ದರೂ ಪೂರ್ಣ ವ್ಯವಸ್ಥೆಯ ಸಿಮ್ಯುಲೇಶನ್ನೇ ಬೇಕು.

ಈ ಮಾರ್ಗವನ್ನು ಗಟ್ಟಿಯಾಗಿ ತೋರಿಸಿಕೊಟ್ಟದ್ದು 1990ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮೆಂಡೆಲ್ ರೋಸನ್‌ಬ್ಲಮ್ ಮತ್ತು ಸಂಗಡಿಗರು ರಚಿಸಿದ ಸಿಮ್‌ಓಎಸ್. ಅದು ಮಿಪ್ಸ್ ಪ್ರೊಸೆಸರಿನ ಯಂತ್ರವನ್ನು ಅನುಕರಿಸಿ, ಅದರ ಮೇಲೆ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಐರಿಕ್ಸ್ ಆಪರೇಟಿಂಗ್ ಸಿಸ್ಟಮನ್ನು ಬೂಟ್ ಮಾಡುತ್ತಿತ್ತು. ಅವರ ಮುಖ್ಯ ಒಳನೋಟವೆಂದರೆ, ಒಂದೇ ಯಂತ್ರಕ್ಕೆ ಬೇರೆ ಬೇರೆ ವೇಗದ ಹಲವು ಮಾದರಿಗಳನ್ನು ಇಟ್ಟುಕೊಂಡು ಓಟದ ನಡುವೆಯೇ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಬಹುದು ಎಂಬುದು. ಎಂಬ್ರಾ ಎಂಬ ವೇಗದ ಮಾದರಿಯು ಒಳಯಂತ್ರದ ಇನ್ಸ್ಟ್ರಕ್ಷನ್‌ಗಳನ್ನು ಹೊರಯಂತ್ರದ ಇನ್ಸ್ಟ್ರಕ್ಷನ್‌ಗಳಾಗಿ ಆಗಲೇ ಅನುವಾದಿಸಿ ಓಡಿಸುತ್ತಿದ್ದುದರಿಂದ ನಿಜವಾದ ಯಂತ್ರಕ್ಕಿಂತ 3ರಿಂದ 9 ಪಟ್ಟು ಮಾತ್ರ ನಿಧಾನವಾಗಿತ್ತು. ಬೂಟ್ ಆಗುವವರೆಗೆ ಅದು, ಅಳೆಯಬೇಕಾದ ಜಾಗ ಬಂದಾಗ ನಿಧಾನವಾದ, ವಿವರವಾದ ಮಾದರಿ. ಅದೇ ಗುಂಪು 1997ರಲ್ಲಿ ಪ್ರಕಟಿಸಿದ ಡಿಸ್ಕೋ ಎಂಬ ವರ್ಚುವಲ್ ಯಂತ್ರ ನಿಯಂತ್ರಕವನ್ನು, ಅದಕ್ಕೆ ಉದ್ದೇಶಿಸಿದ್ದ ಹಾರ್ಡ್‌ವೇರ್ ಇನ್ನೂ ಸಿದ್ಧವಾಗಿರದಿದ್ದಾಗ, ಸಿಮ್‌ಓಎಸ್ ಮೇಲೆಯೇ ಪರೀಕ್ಷಿಸಿತು. ವಿಎಂವೇರ್ ಕಂಪನಿ ಹುಟ್ಟಿದ್ದು ಅದರ ಮರುವರ್ಷ.

ಇಂದು ಕೈಗೆಟಕುವ ಸಾಧನಗಳಲ್ಲಿ ಕ್ಯೂಎಮು ಅತ್ಯಂತ ವೇಗವಾದದ್ದು. ಆದರೆ ಅದು ಕ್ಯಾಶ್ ಅಥವಾ ಮೆಮೊರಿಯ ವಿಳಂಬವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕರ್ನಲ್ ಸರಿಯಾಗಿ ಬೂಟ್ ಆಗುತ್ತದೆಯೇ, ಡ್ರೈವರ್ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬ ಪ್ರಶ್ನೆಗಳಿಗೆ ಅದೇ ಸಾಕು, ಸಮಯದ ಪ್ರಶ್ನೆಗಳಿಗೆ ಸಾಲದು. ಸ್ವೀಡನ್ನಿನಲ್ಲಿ ಹುಟ್ಟಿದ ಸಿಮಿಕ್ಸ್ ಉದ್ಯಮದಲ್ಲಿ ಹೆಚ್ಚಾಗಿ ಬಳಕೆಯಲ್ಲಿದೆ. ಸಂಶೋಧನೆಗೆ ಮತ್ತು ಕಲಿಕೆಗೆ ನಾನು ಶಿಫಾರಸು ಮಾಡುವುದು ಜೆಮ್5 ಸಿಮ್ಯುಲೇಟರನ್ನು. ಮಿಷಿಗನ್ ವಿಶ್ವವಿದ್ಯಾಲಯದ ಎಂ5 ಮತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೆಮ್ಸ್ ಎಂಬ ಎರಡು ಸಿಮ್ಯುಲೇಟರ್‌ಗಳು ಕೂಡಿ 2011ರಲ್ಲಿ ರೂಪುಗೊಂಡ ಇದರ ಮೂಲ ಕೋಡ್ ಎಲ್ಲರಿಗೂ ಮುಕ್ತವಾಗಿದೆ. ಮಾದರಿಯೊಂದು ಹೀಗೇಕೆ ವರ್ತಿಸಿತು ಎಂದು ಕೋಡ್ ತೆರೆದು ನೋಡಲು ಸಾಧ್ಯವಿರುವುದೇ ಅದರ ದೊಡ್ಡ ಗುಣ.

ಸಮಯದ ಲೆಕ್ಕ

ಕೆಲಸ ಆರಂಭಿಸುವ ಮುನ್ನ ಕಾಗದ ತೆಗೆದುಕೊಂಡು ಒಂದು ಲೆಕ್ಕ ಮಾಡಿಕೊಳ್ಳುವುದು ಒಳ್ಳೆಯದು. 3 ಗಿಗಾಹರ್ಟ್ಸ್ ಕೋರ್ ಒಂದು ಸೆಕೆಂಡಿನಲ್ಲಿ 300 ಕೋಟಿ ಸೈಕಲ್ ಕಳೆಯುತ್ತದೆ. ವಿವರವಾದ ಮಾದರಿಯು ಸೆಕೆಂಡಿಗೆ ಒಂದು ಲಕ್ಷ ಇನ್ಸ್ಟ್ರಕ್ಷನ್ ಮುಗಿಸುತ್ತದೆ, ಒಳಯಂತ್ರದ ಕೋರ್ ಪ್ರತಿ ಸೈಕಲ್ಲಿಗೆ ಒಂದು ಇನ್ಸ್ಟ್ರಕ್ಷನ್ ನಡೆಸುತ್ತದೆ ಎಂದು ಹಿಡಿದರೆ, ಒಳಯಂತ್ರದ ಒಂದು ಸೆಕೆಂಡಿಗೆ ಹೊರಗೆ 30,000 ಸೆಕೆಂಡು, ಅಂದರೆ ಎಂಟು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ. ಇದು ಒಂದು ಕೋರಿಗೆ. ನಾಲ್ಕು ಕೋರ್‌ಗಳೂ ದುಡಿಯುತ್ತಿದ್ದರೆ ಅದು 33 ಗಂಟೆ ದಾಟುತ್ತದೆ, ಏಕೆಂದರೆ ವಿವರವಾದ ಮಾದರಿಯಲ್ಲಿ ಜೆಮ್5 ಸಾಮಾನ್ಯವಾಗಿ ಹೊರಯಂತ್ರದ ಒಂದೇ ಥ್ರೆಡ್ಡಿನಲ್ಲಿ ಎಲ್ಲ ಕೋರ್‌ಗಳನ್ನೂ ನಡೆಸುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಹದಿನಾರು ಕೋರ್‌ಗಳಿದ್ದರೂ ಒಂದು ಓಟಕ್ಕೆ ಅವು ನೆರವಾಗುವುದಿಲ್ಲ, ಹಲವು ಓಟಗಳನ್ನು ಒಟ್ಟಿಗೆ ನಡೆಸುವಾಗ ಮಾತ್ರ ನೆರವಾಗುತ್ತವೆ. ಒಂದು ಸಮಾಧಾನವೂ ಇದೆ. ಒಳಯಂತ್ರದ ಕೋರ್ ಕೆಲಸವಿಲ್ಲದೆ ನಿದ್ರಿಸುತ್ತಿದ್ದರೆ ಸಿಮ್ಯುಲೇಟರ್ ಮುಂದಿನ ಘಟನೆಯವರೆಗಿನ ಕಾಲವನ್ನು ಹಾರಿಸಿಬಿಡುತ್ತದೆ. ಬೀಗಕ್ಕಾಗಿ ಸುತ್ತು ಹೊಡೆಯುತ್ತಾ ಕಾಯುವ ಕೋರ್ ಮಾತ್ರ ಪೂರ್ಣ ಬೆಲೆ ವಸೂಲು ಮಾಡುತ್ತದೆ.

ನಮ್ಮ ಉದಾಹರಣೆಗೆ ಇದನ್ನು ಅನ್ವಯಿಸೋಣ. 4 ಎಂಬಿ ಎಂದರೆ 4 ಕೆಬಿಯ 1,024 ಪುಟಗಳು, ಹಾಗಾಗಿ ಒಂದು ಸುತ್ತಿಗೆ ಒಂದು ಥ್ರೆಡ್ಡಿನಿಂದ 1,024 ಪೇಜ್ ಫಾಲ್ಟ್‌ಗಳು. ಒಂದು ಫಾಲ್ಟ್‌ಗೆ 2,000 ಇನ್ಸ್ಟ್ರಕ್ಷನ್ ಎಂದು ಅಂದಾಜಿಗೆ ಇಟ್ಟುಕೊಂಡರೆ ನಾಲ್ಕು ಥ್ರೆಡ್‌ಗಳ ಒಂದು ಸುತ್ತು ಸುಮಾರು 82 ಲಕ್ಷ ಇನ್ಸ್ಟ್ರಕ್ಷನ್, ಹೊರಗಿನ ಸಮಯದಲ್ಲಿ ಒಂದೂವರೆ ನಿಮಿಷದಷ್ಟು. ಹತ್ತು ಸುತ್ತುಗಳನ್ನು ಅಳೆದರೂ ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಪ್ರಶ್ನೆಯನ್ನು ಇಷ್ಟು ಚಿಕ್ಕದಾಗಿ ಕತ್ತರಿಸಿಕೊಳ್ಳಲು ಸಾಧ್ಯವಾದರೆ ಸಾಮಾನ್ಯ ಲ್ಯಾಪ್‌ಟಾಪೊಂದರಲ್ಲೇ ಅರ್ಥಪೂರ್ಣ ಪ್ರಯೋಗ ಮಾಡಬಹುದು.

ಸಿದ್ಧತೆ

ಹೊರಯಂತ್ರದಲ್ಲಿ ಲಿನಕ್ಸ್ ಇರಲಿ. ಜೆಮ್5 ಅನ್ನು ಮೂಲ ಕೋಡ್‌ನಿಂದ ಕಂಪೈಲ್ ಮಾಡಬೇಕಾಗುತ್ತದೆ. ಸ್ಕಾನ್ಸ್ ಎಂಬ ಉಪಕರಣ ಆ ಕೆಲಸ ಮಾಡುತ್ತದೆ. ಒಟ್ಟಿಗೆ ಎಷ್ಟು ಕಂಪೈಲ್ ಕೆಲಸಗಳು ನಡೆಯಬೇಕು ಎಂಬ ಸಂಖ್ಯೆಯನ್ನು ರ‍್ಯಾಮ್ ನೋಡಿಕೊಂಡು ನಿರ್ಧರಿಸಿ. ಒಂದೊಂದು ಕೆಲಸವೂ ಸಾಕಷ್ಟು ಮೆಮೊರಿ ನುಂಗುವುದರಿಂದ, 8 ಜಿಬಿಯ ಯಂತ್ರದಲ್ಲಿ ಎಲ್ಲ ಕೋರ್‌ಗಳನ್ನೂ ಹಚ್ಚಿದರೆ ಕಂಪೈಲ್ ಅರ್ಧದಲ್ಲೇ ನಿಲ್ಲಬಹುದು.

ಇನ್ನು ಬೇಕಾದವು ಎರಡು: ಕುಗ್ಗಿಸದ, ಸಿಂಬಲ್‌ಗಳಿರುವ (ಅಂದರೆ ಫಂಕ್ಷನ್‌ಗಳ ಹೆಸರು, ವಿಳಾಸಗಳಿರುವ) ಕರ್ನಲ್ ಕಡತ ಮತ್ತು ಉಬುಂಟುವಿನಂಥ ವ್ಯವಸ್ಥೆಯಿರುವ ಡಿಸ್ಕ್ ಇಮೇಜ್. ಜೆಮ್5 ಯೋಜನೆಯೇ ಇವೆರಡನ್ನೂ ಸಿದ್ಧರೂಪದಲ್ಲಿ ಒದಗಿಸುತ್ತದೆ, ಮೊದಲ ಬಾರಿಗೆ ಅವನ್ನೇ ಬಳಸಿ. ಒಳಯಂತ್ರದ ರಚನೆಯನ್ನು ಪೈಥಾನ್ ಸ್ಕ್ರಿಪ್ಟಿನಲ್ಲಿ ಬರೆಯಬೇಕು. ಬೋರ್ಡ್, ಪ್ರೊಸೆಸರ್, ಕ್ಯಾಶ್ ವ್ಯವಸ್ಥೆ, ಮೆಮೊರಿ ಎಂಬ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ಸಿದ್ಧ ಲೈಬ್ರರಿ ಇದೆ. ಅದರ ಎಕ್ಸ್86 ಬೋರ್ಡಿಗೆ 3 ಜಿಬಿಗಿಂತ ಹೆಚ್ಚು ಮೆಮೊರಿ ಕೊಡಲು ಆಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿದ್ದರೆ ಒಂದು ದೋಷಸಂದೇಶ ಉಳಿಯುತ್ತದೆ.

ಪ್ರೋಗ್ರಾಮನ್ನು ಸ್ಟ್ಯಾಟಿಕ್ ಲಿಂಕ್ ಮಾಡಿ ಕಂಪೈಲ್ ಮಾಡುವುದು ಉತ್ತಮ, ಆಗ ಒಳಯಂತ್ರದ ಸಿ ಲೈಬ್ರರಿಯ ಆವೃತ್ತಿಯ ತಕರಾರು ಬರುವುದಿಲ್ಲ. ಡಿಸ್ಕ್ ಇಮೇಜನ್ನು ಹೊರಯಂತ್ರದಲ್ಲೇ ಮೌಂಟ್ ಮಾಡಿ ಪ್ರೋಗ್ರಾಮನ್ನು ಅದರೊಳಗೆ ನಕಲಿಸಿ. ಸಿಮ್ಯುಲೇಶನ್ ನಡೆಯುವಾಗ ಒಳಯಂತ್ರ ಡಿಸ್ಕಿಗೆ ಬರೆದದ್ದೆಲ್ಲ ಸಾಮಾನ್ಯವಾಗಿ ಮೆಮೊರಿಯಲ್ಲೇ ಉಳಿದು ಓಟ ಮುಗಿದಾಗ ಅಳಿದುಹೋಗುತ್ತದೆ, ಆದ್ದರಿಂದ ಫಲಿತಾಂಶವನ್ನು ಒಳಗಿನ ಕಡತದಲ್ಲಿ ಉಳಿಸಿ ಆಮೇಲೆ ಹುಡುಕಬೇಡಿ.

ಈ ಹಂತದಲ್ಲಿ ಬಹಳ ಮುಖ್ಯವಾದ ಒಂದು ಎಚ್ಚರಿಕೆ. ಒಳಯಂತ್ರದ ಲಿನಕ್ಸಿನಲ್ಲಿ ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ ಸೌಲಭ್ಯ ಚಾಲೂ ಇದ್ದರೆ ಕರ್ನಲ್ 4 ಕೆಬಿಯ ಪುಟಗಳ ಬದಲು 2 ಎಂಬಿಯ ಪುಟಗಳನ್ನೇ ಕೊಡಬಹುದು. ಆಗ 1,024 ಫಾಲ್ಟ್‌ಗಳ ಜಾಗದಲ್ಲಿ ಬೆರಳೆಣಿಕೆಯಷ್ಟು ಫಾಲ್ಟ್‌ಗಳಾಗಿ, ನೀವು ಅಳೆಯಲು ಹೊರಟದ್ದೇ ಮಾಯವಾಗುತ್ತದೆ. ನಾನು ಇದನ್ನು ಗಮನಿಸದೆ ಎರಡು ದಿನ ಕ್ಯಾಶ್ ಮಾದರಿಯಲ್ಲಿ ತಪ್ಪು ಹುಡುಕಿದ್ದೇನೆ. ಕರ್ನಲ್ ಎಣಿಸಿಡುವ ಪೇಜ್ ಫಾಲ್ಟ್ ಸಂಖ್ಯೆಯನ್ನು ಪ್ರೋಗ್ರಾಮಿನ ಕೊನೆಯಲ್ಲಿ ಮುದ್ರಿಸಿ, ನಿಮ್ಮ ಲೆಕ್ಕದೊಂದಿಗೆ ಹೋಲಿಸಿ ನೋಡಿದ ನಂತರವೇ ಮುಂದುವರಿಯಿರಿ.

ವೇಗವಾಗಿ ಹೋಗಿ, ನಿಧಾನವಾಗಿ ನೋಡುವುದು

ಲಿನಕ್ಸ್ ಬೂಟ್ ಆಗುವುದನ್ನು ವಿವರವಾದ ಮಾದರಿಯಲ್ಲಿ ಕಾಯುತ್ತಾ ಕೂತರೆ ದಿನಗಳೇ ಕಳೆಯುತ್ತವೆ. ಸಿಮ್‌ಓಎಸ್ ಕಲಿಸಿದ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಜೆಮ್5ನಲ್ಲಿ ಕೆವಿಎಂ ಮಾದರಿ, ಲಿನಕ್ಸಿನ ಅದೇ ಹೆಸರಿನ ವರ್ಚುವಲ್ ಯಂತ್ರ ಸೌಲಭ್ಯವನ್ನು ಬಳಸಿ, ಒಳಯಂತ್ರದ ಇನ್ಸ್ಟ್ರಕ್ಷನ್‌ಗಳನ್ನು ನೇರವಾಗಿ ಹೊರಯಂತ್ರದ ಪ್ರೊಸೆಸರಿನ ಮೇಲೆಯೇ ಓಡಿಸುತ್ತದೆ. ಎರಡೂ ಒಂದೇ ವಾಸ್ತುವಿನವಾಗಿರಬೇಕು, ಅಂದರೆ ಒಂದೇ ಬಗೆಯ ಇನ್ಸ್ಟ್ರಕ್ಷನ್‌ಗಳನ್ನು ಅರಿಯಬೇಕು, ಎಂಬುದಷ್ಟೇ ನಿಬಂಧನೆ. ಅಟಾಮಿಕ್ ಮಾದರಿ ಪ್ರತಿ ಮೆಮೊರಿ ವ್ಯವಹಾರವನ್ನೂ ಒಂದೇ ಹೆಜ್ಜೆಯಲ್ಲಿ ಮುಗಿಸುತ್ತದೆ. ಟೈಮಿಂಗ್ ಮಾದರಿಯಲ್ಲಿ ಕೋರ್ ಸರಳವಾಗಿದ್ದರೂ ಮೆಮೊರಿಯ ವಿಳಂಬ ನಿಜವಾದದ್ದು. ಓ3 ಎಂಬುದು ಇನ್ಸ್ಟ್ರಕ್ಷನ್‌ಗಳನ್ನು ಕ್ರಮ ತಪ್ಪಿಸಿ ನಡೆಸುವ ಆಧುನಿಕ ಕೋರಿನ ಮಾದರಿ, ಅತ್ಯಂತ ನಿಧಾನವೂ ಹೌದು.

ಕೆವಿಎಂ ಬಳಸಲು ನಿಮ್ಮ ಖಾತೆಗೆ ಆ ಸಾಧನದ ಅನುಮತಿ ಇರಬೇಕು. ಜೊತೆಗೆ ಜೆಮ್5 ಪ್ರೊಸೆಸರಿನ ಎಣಿಕೆ ಕೌಂಟರ್‌ಗಳನ್ನು ಕೇಳುವುದರಿಂದ, ಹೊರಯಂತ್ರದ ಕರ್ನಲ್ಲಿನಲ್ಲಿ ಪರ್ಫ್ ಸೌಲಭ್ಯದ ನಿರ್ಬಂಧದ ಮಟ್ಟವನ್ನು ಇಳಿಸಬೇಕಾಗಬಹುದು. ಮೊದಲ ಪ್ರಯತ್ನದಲ್ಲಿ ಬರುವ ಬಹುತೇಕ ದೋಷಗಳು ಇವೆರಡರವೇ.

ಎಲ್ಲಿ ಮಾದರಿ ಬದಲಿಸಬೇಕು ಎಂಬುದನ್ನು ಪ್ರೋಗ್ರಾಮೇ ಹೇಳಬೇಕು. ಅದಕ್ಕಾಗಿ ಜೆಮ್5 ಎಂ5 ಎಂಬ ಸಣ್ಣ ಲೈಬ್ರರಿ ಕೊಡುತ್ತದೆ. ಅದರ ಕರೆಗಳು ಒಳಯಂತ್ರದಿಂದ ಸಿಮ್ಯುಲೇಟರಿಗೆ ಸಂಕೇತ ಕಳಿಸುತ್ತವೆ: ಇಲ್ಲಿ ನಿಲ್ಲು, ಇಲ್ಲಿ ಚೆಕ್‌ಪಾಯಿಂಟ್ (ಒಳಯಂತ್ರದ ಆ ಕ್ಷಣದ ಸ್ಥಿತಿಯ ನಕಲು) ಉಳಿಸು, ಅಂಕಿಗಳನ್ನು ಸೊನ್ನೆಗೆ ತಾ, ಅಂಕಿಗಳನ್ನು ಬರೆದಿಡು. ಕೆವಿಎಂ ಮಾದರಿಯಲ್ಲಿರುವಾಗ ಈ ಸಂಕೇತಗಳ ಇನ್ಸ್ಟ್ರಕ್ಷನ್ ರೂಪವನ್ನು ನಿಜವಾದ ಪ್ರೊಸೆಸರ್ ಗುರುತಿಸಲಾರದು, ಆದ್ದರಿಂದ ವಿಶೇಷ ಮೆಮೊರಿ ವಿಳಾಸದ ಮೂಲಕ ಸಂಕೇತ ಕಳಿಸುವ ರೂಪವನ್ನು ಆಯ್ದುಕೊಳ್ಳಬೇಕು. ನಮ್ಮ ಪ್ರೋಗ್ರಾಮಿನಲ್ಲಿ ಎಲ್ಲ ಥ್ರೆಡ್‌ಗಳೂ ಹುಟ್ಟಿ, ಪ್ರತಿಯೊಂದೂ ತನ್ನ ಕೋರಿಗೆ ಅಂಟಿಕೊಂಡು, ಆರಂಭದ ಗೆರೆಯಲ್ಲಿ ಸೇರಿದ ಬಳಿಕ ಒಂದು ಥ್ರೆಡ್ ಮಾತ್ರ ಈ ಸಂಕೇತ ಕೊಡಬೇಕು. ಸಂಕೇತ ಬಂದಾಗ ಪೈಥಾನ್ ಸ್ಕ್ರಿಪ್ಟ್ ಟೈಮಿಂಗ್ ಅಥವಾ ಓ3 ಮಾದರಿಗೆ ಬದಲಿಸುತ್ತದೆ.

ಬದಲಿಸಿದ ತಕ್ಷಣ ಅಳೆಯಲು ತೊಡಗುವುದು ತಪ್ಪು. ಕೆವಿಎಂ ಮಾದರಿಯಲ್ಲಿ ಸಿಮ್ಯುಲೇಟರಿನ ಕ್ಯಾಶ್‌ಗಳು ಬಳಕೆಯಾಗಿರುವುದೇ ಇಲ್ಲ, ಹಾಗಾಗಿ ಆ ಕ್ಷಣದಲ್ಲಿ ಅವು ಖಾಲಿ. ಚೆಕ್‌ಪಾಯಿಂಟಿನಿಂದ ಎಬ್ಬಿಸಿದರೂ ಜೆಮ್5ನ ಕ್ಲಾಸಿಕ್ ಮೆಮೊರಿ ವ್ಯವಸ್ಥೆಯಲ್ಲಿ ಹೀಗೆಯೇ: ರ‍್ಯಾಮಿನ ಮತ್ತು ರಿಜಿಸ್ಟರುಗಳ ಸ್ಥಿತಿ ಉಳಿಯುತ್ತದೆ, ಕ್ಯಾಶಿನೊಳಗಿದ್ದದ್ದು ಉಳಿಯುವುದಿಲ್ಲ. ಮೊದಲ ಎರಡು ಮೂರು ಸುತ್ತುಗಳನ್ನು ಕ್ಯಾಶ್ ಬೆಚ್ಚಗಾಗಲು ಬಿಟ್ಟು, ನಂತರ ಅಂಕಿಗಳನ್ನು ಸೊನ್ನೆಗೆ ತಂದು ಅಳತೆ ಆರಂಭಿಸಿ. ಚೆಕ್‌ಪಾಯಿಂಟ್ ಬಳಸುವವರು ಕೋರ್‌ಗಳ ಸಂಖ್ಯೆಯನ್ನೂ ಮೆಮೊರಿಯ ಗಾತ್ರವನ್ನೂ ಬದಲಿಸುವಂತಿಲ್ಲ. ಒಂದು, ಎರಡು, ನಾಲ್ಕು ಕೋರ್‌ಗಳಿಗೆ ಮೂರು ಬೇರೆ ಚೆಕ್‌ಪಾಯಿಂಟುಗಳು ಬೇಕು.

ಯಾವ ವಿವರ ಯಾವ ಪ್ರಶ್ನೆಗೆ

ಬೀಗದ ಪೈಪೋಟಿಯ ಪ್ರಶ್ನೆಯಲ್ಲಿ ಕೋರಿನ ಮಾದರಿಗಿಂತ ಮೆಮೊರಿಯ ಮಾದರಿಗೇ ಹೆಚ್ಚು ಗಮನ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೀಗವೆಂದರೆ ಕೊನೆಗೆ ಮೆಮೊರಿಯ ಒಂದು ಪದ. ನಾಲ್ಕು ಕೋರ್‌ಗಳು ಅದನ್ನು ತಿದ್ದಲು ಹೋದಾಗ ಆ ಪದವಿರುವ 64 ಬೈಟ್‌ಗಳ ಕ್ಯಾಶ್ ಸಾಲು ಒಂದು ಕೋರಿನಿಂದ ಇನ್ನೊಂದಕ್ಕೆ ಅಲೆಯುತ್ತದೆ, ಓದುವ ಹಕ್ಕಿನೊಂದಿಗೆ ಬೀಗ ಹಿಡಿಯುವವರೂ ಎಣಿಕೆಯನ್ನು ತಿದ್ದಬೇಕಾದ್ದರಿಂದ ಅವರೂ ಈ ಅಲೆದಾಟಕ್ಕೆ ಕಾರಣರಾಗುತ್ತಾರೆ. ಅಟಾಮಿಕ್ ಮಾದರಿಯಲ್ಲಿ ಈ ಪಯಣಕ್ಕೆ ಕಾಯುವ ಸಮಯವೇ ಇಲ್ಲ. ಜೆಮ್ಸ್‌ನಿಂದ ಬಂದ ರೂಬಿ ಎಂಬ ಮೆಮೊರಿ ವ್ಯವಸ್ಥೆಯಲ್ಲಿ ಕ್ಯಾಶ್‌ಗಳ ನಡುವಿನ ಸಂದೇಶಗಳು, ಅವುಗಳ ಸರತಿ, ಮಧ್ಯಂತರ ಸ್ಥಿತಿಗಳು ಎಲ್ಲವೂ ಬಿಡಿಬಿಡಿಯಾಗಿ ನಡೆಯುತ್ತವೆ. ಕ್ಯಾಶ್‌ಗಳಲ್ಲಿರುವ ಪ್ರತಿಗಳು ಒಂದಕ್ಕೊಂದು ಹೊಂದಿರುವಂತೆ ನೋಡಿಕೊಳ್ಳುವ ನಿಯಮಗಳಲ್ಲಿ ಎರಡು ಹಂತದ ಮೆಸಿ ಪ್ರೋಟೋಕಾಲಿನಿಂದ ಆರಂಭಿಸುವುದು ಸೂಕ್ತ.

ಎಮ್‌ಅನ್‌ಮ್ಯಾಪ್‌ನಲ್ಲಿ ಇನ್ನೊಂದು ವೆಚ್ಚ ಅಡಗಿದೆ. ತೆಗೆದುಹಾಕಿದ ಪುಟಗಳ ಹಳೆಯ ವಿಳಾಸಗಳು ಬೇರೆ ಕೋರ್‌ಗಳ ಟಿಎಲ್‌ಬಿಯಲ್ಲಿ (ವಿಳಾಸಗಳ ಅನುವಾದವನ್ನು ನೆನಪಿಡುವ ಪುಟ್ಟ ಕೋಷ್ಟಕ) ಉಳಿದಿರಬಹುದಾದ್ದರಿಂದ ಕರ್ನಲ್ ಆ ಕೋರ್‌ಗಳಿಗೆ ಇಂಟರಪ್ಟ್ ಕಳಿಸಿ, ಅವು ಅಳಿಸಿದವು ಎಂಬ ಉತ್ತರ ಬರುವವರೆಗೆ ಕಾಯುತ್ತದೆ. ಈ ಕಾಯುವಿಕೆ ಎಷ್ಟು ಎಂಬುದು ಸಿಮ್ಯುಲೇಟರಿನ ಇಂಟರಪ್ಟ್ ನಿಯಂತ್ರಕದ ಮಾದರಿಯನ್ನು ಅವಲಂಬಿಸಿದೆ. ಎಲ್ಲ ಸಾಧನಗಳ ಮಾದರಿಗಳೂ ಒಂದೇ ಶ್ರದ್ಧೆಯಿಂದ ಬರೆದವಲ್ಲ. ಉದಾಹರಣೆಗೆ ಜೆಮ್5ನ ಐಡಿಇ ಡಿಸ್ಕಿನ ವಿಳಂಬ ತಾನಾಗಿ ಇರುವುದು 1 ಮೈಕ್ರೋಸೆಕೆಂಡ್ ಎಂಬ ಸ್ಥಿರ ಸಂಖ್ಯೆ. ಫೈಲ್ ವ್ಯವಸ್ಥೆಯ ವೇಗವನ್ನು ಇದರ ಮೇಲೆ ಅಳೆದರೆ ಆ ಫಲಿತಾಂಶಕ್ಕೆ ಬೆಲೆಯಿಲ್ಲ.

ನೋಡುವುದು, ಆದರೆ ಮುಟ್ಟದೆ

ನಿಜವಾದ ಯಂತ್ರದಲ್ಲಿ ಕರ್ನಲ್ಲಿನೊಳಗೆ ಮುದ್ರಣದ ಸಾಲು ಸೇರಿಸಿದರೆ ಆ ಸಾಲೇ ಸಮಯ ತಿಂದು ಪೈಪೋಟಿಯ ಸ್ವರೂಪವನ್ನು ಬದಲಿಸುತ್ತದೆ. ಸಿಮ್ಯುಲೇಟರಿನ ದೊಡ್ಡ ವರವೆಂದರೆ ಒಳಯಂತ್ರದ ಗಡಿಯಾರವನ್ನು ನಿಲ್ಲಿಸಿ ನೋಡಬಹುದು. ಸಿಮ್‌ಓಎಸ್‌ನಲ್ಲಿ ಟಿಕಲ್ ಭಾಷೆಯ ಸಣ್ಣ ಟಿಪ್ಪಣಿಗಳನ್ನು ಕರ್ನಲ್ಲಿನ ನಿರ್ದಿಷ್ಟ ವಿಳಾಸಗಳಿಗೆ ಕಟ್ಟಿಡಬಹುದಿತ್ತು. ಓಟ ಆ ವಿಳಾಸ ತಲುಪಿದಾಗ ಟಿಪ್ಪಣಿ ಓಡುತ್ತಿತ್ತು, ಒಳಗಿನ ಕಾಲ ಒಂದು ಸೈಕಲ್ಲೂ ಸರಿಯುತ್ತಿರಲಿಲ್ಲ. ಜೆಮ್5ನಲ್ಲೂ ಕರ್ನಲ್ಲಿನ ಸಿಂಬಲ್‌ಗಳಿಗೆ ಇಂಥ ಘಟನೆಗಳನ್ನು ಕಟ್ಟಬಹುದು. ಸಿಂಬಲ್‌ಗಳಿರುವ ಕರ್ನಲ್ ಬೇಕೆಂದದ್ದು ಇದಕ್ಕಾಗಿಯೇ. ಬೀಗಕ್ಕೆ ಕಾಯುವ ನಿಧಾನ ಮಾರ್ಗದ ಫಂಕ್ಷನ್ನನ್ನು ಪ್ರವೇಶಿಸಿದ ಮತ್ತು ಅದರಿಂದ ಹೊರಬಂದ ಕ್ಷಣಗಳನ್ನು ಪ್ರತಿ ಕೋರಿಗೂ ದಾಖಲಿಸಿದರೆ, ಯಾರು ಯಾರಿಗಾಗಿ ಎಷ್ಟು ಕಾದರು ಎಂಬ ಪೂರ್ಣ ಚಿತ್ರ ಸಿಗುತ್ತದೆ.

ಅಂಕಿಗಳ ಕಡತದಲ್ಲಿ ಸಿಮ್‌ಟಿಕ್ಸ್ ಎಂಬುದು ಒಳಗಿನ ಕಾಲ, ತಾನಾಗಿ ಒಂದು ಟಿಕ್ ಎಂದರೆ ಒಂದು ಪಿಕೋಸೆಕೆಂಡ್. ಹೋಸ್ಟ್‌ಸೆಕೆಂಡ್ಸ್ ಎಂಬುದು ಹೊರಗೆ ಕಳೆದ ಕಾಲ, ಅದು ನಿಮ್ಮ ಪ್ರಯೋಗದ ಫಲಿತಾಂಶವಲ್ಲ. ಸೈಕಲ್ಲಿಗೆ ಎಷ್ಟು ಇನ್ಸ್ಟ್ರಕ್ಷನ್ ಎಂಬ ಸಂಖ್ಯೆಯ ಮೇಲೆ ಕಣ್ಣಿಡುವವರು ಬಹಳ. ಬಹುಕೋರ್ ಪ್ರಯೋಗದಲ್ಲಿ ಅದನ್ನು ನಂಬಬಾರದು. ಬೀಗಕ್ಕಾಗಿ ಸುತ್ತುವ ಕೋರ್ ಪುಟ್ಟ ಲೂಪಿನೊಳಗೆ ಚುರುಕಾಗಿ ಇನ್ಸ್ಟ್ರಕ್ಷನ್ ನಡೆಸುತ್ತದೆ, ಸಂಖ್ಯೆ ಏರುತ್ತದೆ, ಆದರೆ ಕೆಲಸ ಸೊನ್ನೆ. ಒಳಗಿನ ಒಂದು ಮಿಲಿಸೆಕೆಂಡಿನಲ್ಲಿ ಎಷ್ಟು ಸುತ್ತು ಮುಗಿದವು ಎಂದು ಮುಗಿದ ಕೆಲಸವನ್ನೇ ಎಣಿಸಿ.

ಒಂದು ಅಗುಳು ಸಾಲದು

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎನ್ನುತ್ತಾರೆ. ಬಹುಕೋರ್ ಸಿಮ್ಯುಲೇಶನ್ನಿನಲ್ಲಿ ಆ ಮಾತು ನಡೆಯುವುದಿಲ್ಲ. ಒಂದು ಕ್ಯಾಶ್ ತಪ್ಪು (ಬೇಕಾದ ಡೇಟಾ ಕ್ಯಾಶಿನಲ್ಲಿ ಸಿಗದಿರುವುದು) ಒಂದೆರಡು ನ್ಯಾನೋಸೆಕೆಂಡ್ ತಡವಾದರೆ ಬೀಗ ಬೇರೆ ಕೋರಿಗೆ ದಕ್ಕುತ್ತದೆ, ಕಾಯುವ ಥ್ರೆಡ್ ಮಲಗುತ್ತದೆ, ಷೆಡ್ಯೂಲರ್ ಬೇರೆ ದಾರಿ ಹಿಡಿಯುತ್ತದೆ, ಅಲ್ಲಿಂದ ಮುಂದೆ ಇಡೀ ಓಟವೇ ಬೇರೆಯಾಗುತ್ತದೆ. ವಿಸ್ಕಾನ್ಸಿನ್ನಿನ ಅಲಾ ಅಲಮೆಲ್ದೀನ್ ಮತ್ತು ಡೇವಿಡ್ ವುಡ್ 2003ರಲ್ಲಿ ಇದನ್ನು ವಿವರವಾಗಿ ತೋರಿಸಿ, ಒಂದೇ ಓಟವನ್ನು ನಂಬಿ ಎರಡು ವಿನ್ಯಾಸಗಳನ್ನು ಹೋಲಿಸಿದರೆ ತಿರುವುಮುರುವಾದ ತೀರ್ಮಾನಕ್ಕೆ ಬರುವ ಅಪಾಯವಿದೆ ಎಂದು ಎಚ್ಚರಿಸಿದರು.

ಇಲ್ಲೊಂದು ಸೂಕ್ಷ್ಮವಿದೆ. ಒಂದೇ ಚೆಕ್‌ಪಾಯಿಂಟಿನಿಂದ ಅದೇ ರಚನೆಯನ್ನು ಮತ್ತೆ ಓಡಿಸಿದರೆ ಸಿಮ್ಯುಲೇಟರ್ ಅದೇ ಉತ್ತರವನ್ನು ಕೊನೆಯ ಅಂಕಿಯವರೆಗೂ ತಪ್ಪದೆ ಕೊಡುತ್ತದೆ. ದೋಷ ಹುಡುಕುವಾಗ ಇದು ಅಮೂಲ್ಯ. ಆದರೆ ಹತ್ತು ಸಲ ಅದೇ ಉತ್ತರ ಬಂದದ್ದರಿಂದ ಫಲಿತಾಂಶ ಸ್ಥಿರವಾಗಿದೆ ಎಂದು ಅರ್ಥವಲ್ಲ. ಬೇಕೆಂದೇ ಸಣ್ಣ ಅಲುಗಾಟ ಕೊಡಬೇಕು. ಮೆಮೊರಿ ನಿಯಂತ್ರಕದ ಮುಂಭಾಗದ ಸ್ಥಿರ ವಿಳಂಬ 10 ನ್ಯಾನೋಸೆಕೆಂಡ್ ಇದ್ದರೆ ಅದನ್ನು 10.1, 10.2, 10.3 ಎಂದು ಬದಲಿಸುತ್ತಾ ಕನಿಷ್ಠ ಹತ್ತು ಓಟ ನಡೆಸಿ, ಸರಾಸರಿಯನ್ನೂ ಹರಹನ್ನೂ ಒಟ್ಟಿಗೆ ವರದಿ ಮಾಡಿ. ಹೊರಯಂತ್ರದ ಹೆಚ್ಚುವರಿ ಕೋರ್‌ಗಳು ಕೆಲಸಕ್ಕೆ ಬರುವುದು ಇಲ್ಲಿ.

ಈಗ ಹೋಲಿಕೆಯನ್ನು ಜೋಡಿಸಬಹುದು. ಅದೇ ಕೆಲಸವನ್ನು ನಾಲ್ಕು ಥ್ರೆಡ್‌ಗಳ ಬದಲು ನಾಲ್ಕು ಬೇರೆ ಪ್ರಕ್ರಿಯೆಗಳಾಗಿ ಓಡಿಸಿದರೆ ಪ್ರತಿಯೊಂದಕ್ಕೂ ಸ್ವಂತ ವಿಳಾಸ ವಲಯ, ಸ್ವಂತ ಬೀಗ. ಎರಡರ ನಡುವಿನ ವ್ಯತ್ಯಾಸದಲ್ಲಿ ಹಂಚಿಕೊಂಡ ವಿಳಾಸ ವಲಯದ ಬೆಲೆ, ಅಂದರೆ ಬೀಗ ಮತ್ತು ಟಿಎಲ್‌ಬಿ ಇಂಟರಪ್ಟ್‌ಗಳೆರಡೂ, ಕೂಡಿ ಕಾಣುತ್ತದೆ. ಬಳಿಕ ಕರ್ನಲ್ ಬದಲಿಸಿ. 2023ರ ಲಿನಕ್ಸ್ 6.4ರಿಂದ ಪೇಜ್ ಫಾಲ್ಟ್‌ಗಳು ಬಹುಮಟ್ಟಿಗೆ ಇಡೀ ವಲಯದ ಬೀಗದ ಬದಲು ಮೆಮೊರಿಯ ಆಯಾ ತುಂಡಿನ ಬೀಗವನ್ನು ಹಿಡಿದೇ ಮುಗಿಯಬಲ್ಲವು. ಅದಕ್ಕಿಂತ ಹಳೆಯ ಮತ್ತು ಹೊಸ ಕರ್ನಲ್‌ಗಳಲ್ಲಿ ಕಾಯುವಿಕೆಯ ದಾಖಲೆಯನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡು ಆವೃತ್ತಿಗಳ ನಡುವೆ ಬೇರೆ ಬದಲಾವಣೆಗಳೂ ಆಗಿರುವುದರಿಂದ ಒಟ್ಟು ಸಮಯವನ್ನಲ್ಲ, ಆ ಬೀಗದ ಮೇಲೆ ಕಳೆದ ಸಮಯವನ್ನು ಹೋಲಿಸಬೇಕು.

ಕಡೆಗೆ, ಪ್ರೋಗ್ರಾಮನ್ನು ನಿಜವಾದ ಯಂತ್ರದಲ್ಲೂ ಓಡಿಸಿ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಫ್ಲ್ಯಾಶ್ ಎಂಬ ಬಹುಪ್ರೊಸೆಸರ್ ಯಂತ್ರವನ್ನು ವರ್ಷಗಳ ಕಾಲ ಸಿಮ್ಯುಲೇಶನ್ನಿನಲ್ಲಿ ಅಧ್ಯಯನ ಮಾಡಿ, ಹಾರ್ಡ್‌ವೇರ್ ಕೈಗೆ ಬಂದ ಮೇಲೆ ಎರಡನ್ನೂ ಹೋಲಿಸಿ 2000ದಲ್ಲಿ ತಮ್ಮದೇ ಸಿಮ್ಯುಲೇಟರ್‌ಗಳ ತಪ್ಪುಗಳನ್ನು ಪ್ರಕಟಿಸಿದರು. ಟಿಎಲ್‌ಬಿ ತಪ್ಪಿದಾಗ ಆಗುವ ವೆಚ್ಚವನ್ನು ಮಾದರಿಗಳು ಕಡಿಮೆ ಎಣಿಸಿದ್ದು ಅವುಗಳಲ್ಲೊಂದು. ಅಂಥ ಪ್ರಾಮಾಣಿಕತೆಯನ್ನು ನಾನು ತುಂಬ ಗೌರವಿಸುತ್ತೇನೆ. ನಿಮ್ಮ ಒಳಯಂತ್ರ ಮತ್ತು ನಿಮ್ಮ ಲ್ಯಾಪ್‌ಟಾಪಿನ ಸಂಖ್ಯೆಗಳು ಹೊಂದುವ ಅಗತ್ಯವಿಲ್ಲ, ಅವು ಬೇರೆ ಬೇರೆ ಯಂತ್ರಗಳು. ಆದರೆ ಒಂದರಿಂದ ಎರಡಕ್ಕೆ, ಎರಡರಿಂದ ನಾಲ್ಕು ಕೋರ್‌ಗಳಿಗೆ ಹೋದಾಗ ವೇಗ ಬದಲಾಗುವ ರೀತಿ ಎರಡರಲ್ಲೂ ಒಂದೇ ದಿಕ್ಕಿನಲ್ಲಿರಬೇಕು. ನಿಜಯಂತ್ರದಲ್ಲಿ ನಾಲ್ಕು ಥ್ರೆಡ್‌ಗಳ ಓಟ ಕುಂಟುತ್ತಾ, ಸಿಮ್ಯುಲೇಶನ್ನಿನಲ್ಲಿ ಮಾತ್ರ ಸಲೀಸಾಗಿ ಸಾಗಿದರೆ, ಮೊದಲು ಕೋರ್‌ಗಳ ನಡುವಿನ ಇಂಟರಪ್ಟ್‌ನ ವಿಳಂಬವನ್ನೂ, ಬಳಿಕ ಕ್ಯಾಶ್ ಸಾಲು ಒಂದು ಕೋರಿನಿಂದ ಇನ್ನೊಂದಕ್ಕೆ ಸಾಗಲು ನಿಮ್ಮ ಸ್ಕ್ರಿಪ್ಟಿನಲ್ಲಿ ಕೊಟ್ಟಿರುವ ಸೈಕಲ್‌ಗಳನ್ನೂ ಪರಿಶೀಲಿಸಿ, ಸರಿಪಡಿಸಿ, ಅದೇ ಚೆಕ್‌ಪಾಯಿಂಟಿನಿಂದ ಹತ್ತು ಓಟಗಳನ್ನು ಮತ್ತೆ ಆರಂಭಿಸಿ.